ಒಳಗಿನ ಗಂಟು, ಹೊರಗಿನ ಅಂಟು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಬಳಸಿ ಬಳಸಿ ಸವೆದ ಸಾಬೂನಿನ ಚೂರಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಸುತ್ತಲಿನ ಚರ್ಮ ಮಾತ್ರ ಬಿಳಿಚಿಕೊಂಡು, ಒಣಗಿ, ಸಣ್ಣಸಣ್ಣ ಬಿರುಕು ಬಿಟ್ಟಿತ್ತು. ರೇಷನ್ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟರೆ ಅದು ಅವರನ್ನು ಗುರುತು ಹಿಡಿಯುತ್ತಿರಲಿಲ್ಲ. ಹತ್ತೂ ಬೆರಳು ಒತ್ತಿಸಿ ಸುಸ್ತಾದ ಅಂಗಡಿಯವನು "ಕಾಕಾ, ಇದು ನೀವೇ ಹೌದಾ ಅಲ್ಲವಾ?" ಎಂದು ಮರಾಠಿಯಲ್ಲಿ ಕೇಳಿದರೆ, ಇವರು ಕನ್ನಡದಲ್ಲೇ "ನಾನೂ ಅದನ್ನs ನೋಡಾಕತ್ತೀನಪಾ" ಎಂದು ನಗುತ್ತಿದ್ದರು. ಅವನಿಗೆ ಅದು ಅರ್ಥವಾಗುತ್ತಿರಲಿಲ್ಲ. ಆದರೂ ಅವನೂ ನಗುತ್ತಿದ್ದ.

ಮುಂಬೈ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಕೆಮಿಕಲ್ ಕಂಪನಿಯಲ್ಲಿ ಮೂವತ್ತೆರಡು ವರ್ಷ ಅವರು ಡಿಸ್ಟಿಲೇಶನ್ ಆಪರೇಟರ್ ಆಗಿದ್ದರು. ಬಳಸಿ ಕೊಳೆಯಾದ ಟೊಲ್ವೀನ್, ಹೆಕ್ಸೇನ್, ಅಸಿಟೋನ್ ಮುಂತಾದ ದ್ರವಗಳನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಆವಿಯನ್ನು ಮೂರು ಮಾಳಿಗೆ ಎತ್ತರದ ಕಾಲಮ್ ಎಂಬ ಕೊಳವೆಯೊಳಗೆ ಹತ್ತಿಸಿ, ಮೇಲೆ ತಣಿಸಿ, ಶುದ್ಧವಾಗಿ ಇಳಿಸಿಕೊಳ್ಳುವ ಕೆಲಸ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆ. ಹತ್ತೊಂಬತ್ತನೇ ವಯಸ್ಸಿಗೆ ಲೋಡಿಂಗ್ ಕೆಲಸಕ್ಕೆ ಬಂದು, ಡ್ರಮ್ಮು ಉರುಳಿಸುತ್ತ ಉರುಳಿಸುತ್ತ ಕಾಲಮ್ಮಿನ ಬುಡದಲ್ಲಿ ನಿಂತು ನೋಡಿ ನೋಡಿ ಆಪರೇಟರ್ ಆದವರು. ನಿವೃತ್ತರಾದ ಮೇಲೆ ಅವರೂ ಅವರ ಹೆಂಡತಿಯೂ ನಮ್ಮ ಬಿಲ್ಡಿಂಗಿನ ನೆಲಮಹಡಿಯ ಮನೆಯಲ್ಲಿದ್ದರು. ನಾವು ಎರಡನೇ ಮಾಳಿಗೆ. ಮಕ್ಕಳಿರಲಿಲ್ಲ. ಇಡೀ ಸೊಸೈಟಿಗೆ ಅವರು ಕಾಕಾ, ಆಕೆ ಕಾಕೂ.

ಯಾವುದನ್ನೇ ಆಗಲಿ ಮೂಸದೆ ಅವರು ಮುಟ್ಟುತ್ತಿರಲಿಲ್ಲ. ಚಹಾ, ಮೆಂತ್ಯೆ ಸೊಪ್ಪಿನ ಕಟ್ಟು, ಹೊಸ ಪುಸ್ತಕ, ಮಳೆಗೆ ನೆಂದ ಕೊಡೆ, ಎಲ್ಲವನ್ನೂ ಕಣ್ಣು ಮುಚ್ಚಿ ಮೂಗಿನ ಹತ್ತಿರ ತರುತ್ತಿದ್ದರು. ಬೆಳಿಗ್ಗೆ ಎಂಐಡಿಸಿಯ ಕಡೆಯಿಂದ ಗಾಳಿ ಬೀಸಿದರೆ ಗೇಟಿನಲ್ಲಿ ನಿಂತು "ಇವತ್ತ ಗಾಳ್ಯಾಗ ಅಸಿಟೋನ್ ಐತಿ" ಎಂದು ವಾಚ್‌ಮನ್ನನಿಗೆ ವರದಿ ಕೊಡುತ್ತಿದ್ದರು. ಏಳೂ ಹದಿನೆಂಟರ ಲೋಕಲ್ ಹಿಡಿಯಲು ಓಡುವವರಿಗೆಲ್ಲ ಅವರದು ಒಂದೇ ಮಾತು: "ಅವಸರ ಮಾಡಬ್ಯಾಡ್ರಿ, ಕಾಲಮ್ ಉಕ್ಕತೈತಿ!" ಉರಿ ಜಾಸ್ತಿ ಕೊಟ್ಟು ಅವಸರಿಸಿದರೆ ಕಾಲಮ್ಮಿನೊಳಗಿನ ದ್ರವವೆಲ್ಲ ಮೇಲಕ್ಕೆ ಉಕ್ಕಿ, ಇಡೀ ಪಾಳಿಯ ಕೆಲಸ ಕೆಡುತ್ತದಂತೆ. ಮಗಳ ಮದುವೆ ಮುಂದೆ ಹೋಯಿತೆಂದು ಅಳುತ್ತಿದ್ದ ಮೂರನೇ ಮಾಳಿಗೆಯವರಿಗೂ ಅವರು ಅದನ್ನೇ ಹೇಳಿದ್ದರು.

ಇಷ್ಟು ಬರೆದ ಮೇಲೆ ಅವರನ್ನು ಕಂಡರೆ ನನಗೆ ಬಹಳ ಪ್ರೀತಿಯಿತ್ತು ಎಂದು ಓದುವವರು ತಿಳಿಯಬಹುದು. ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು. ಎರಡು ವರ್ಷ ಆ ಮನುಷ್ಯನ ಮೇಲೆ ನಾನು ಪಟ್ಟಷ್ಟು ಹೊಟ್ಟೆಕಿಚ್ಚನ್ನು ಸೀರೆ ಒಡವೆ ಕಂಡು ಯಾರ ಮೇಲೂ ಪಟ್ಟಿಲ್ಲ.

ನಾನು ಕಲ್ಯಾಣದ ಒಂದು ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಇಪ್ಪತ್ತು ವರ್ಷ ದಾಟಿತು. ಉಡುಪಿಯ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ಗಂಡ ಮಹಾಪೆಯಲ್ಲಿ ಕಂಪನಿಗಳಿಗೆ ಕ್ಯಾಂಟೀನ್ ನಡೆಸುತ್ತಾರೆ. ಮನೆಯಲ್ಲಿ ನಾವಿಬ್ಬರೂ ತುಳು. ಮಗಳಿಗೆ ಕನ್ನಡವಾದರೂ ಬರಲಿ ಎಂದು ಅವಳು ಹುಟ್ಟಿದಂದಿನಿಂದ ಅವಳ ಹತ್ತಿರ ನಾನು ಕನ್ನಡದಲ್ಲೇ ಮಾತಾಡಿದ್ದೇನೆ. ಅವಳು ಕೇಳಿಸಿಕೊಳ್ಳುತ್ತಾಳೆ, ಅರ್ಥ ಮಾಡಿಕೊಳ್ಳುತ್ತಾಳೆ, ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಊಟಕ್ಕೆ ಬಾ" ಅಂದರೆ "ಆತೀ ಹೂಂ." ಹದಿನಾರು ವರ್ಷ ಹೀಗೇ ನಡೆದಿತ್ತು. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಹೀಗೆಯೇ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಒಂದು ಸಂಜೆ ಕಾಲೇಜಿನಿಂದ ಬರುವಾಗ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕಾಕಾ ಮತ್ತು ಮಗಳು ಕೂತಿದ್ದರು. ನನ್ನ ಮಗಳು ಹೇಳುತ್ತಿದ್ದಳು: "ಹಂಗಲ್ಲ ಕಾಕಾ, ನೀವು ತಪ್ಪು ತಿಳ್ಕೊಂಡೀರಿ."

ಕನ್ನಡ! ಅದೂ ಪೂರ್ತಿ ವಾಕ್ಯ. ಅದೂ ಇಂಡಿ ಕಡೆಯ ಕನ್ನಡ.

ನಾನು ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಅಲ್ಲೇ ನಿಂತೆ. ನನ್ನನ್ನು ಕಂಡದ್ದೇ ಅವಳು "ಚಾಬೀ ದೋ ಮಮ್ಮಿ" ಎಂದು ಕೀಲಿಗಾಗಿ ಕೈ ಚಾಚಿದಳು. ಕಾಕಾ ಎದ್ದು ನಿಂತು "ಬರ್ರಿ ಬಾಯಾರ" ಎಂದರು. ಅವರ ಕಡೆ ಕಲಿಸುವ ಹೆಂಗಸರನ್ನು ಬಾಯಾರು ಎನ್ನುತ್ತಾರೆ. ನನ್ನನ್ನು ಕಂಡರೆ ಅವರು ಎಂದೂ ಕೂತಿರುತ್ತಿರಲಿಲ್ಲ.

ಅವತ್ತು ಶುರುವಾಯಿತು. ಗಂಡನ ಹತ್ತಿರ ಹೇಳಿಕೊಂಡರೆ ಅವರು ತಟ್ಟೆಯಿಂದ ತಲೆ ಎತ್ತದೆ "ನಿನಗೆ ಹೊಟ್ಟೆಕಿಚ್ಚು" ಎಂದರು. ಅಲ್ಲ ಎಂದು ಅರ್ಧ ಗಂಟೆ ವಾದ ಮಾಡಿದೆ.

ಮಗಳು ಆಗ ಹನ್ನೊಂದನೇ ಕ್ಲಾಸು, ಡೊಂಬಿವಲಿಯದೇ ಬೇರೆ ಕಾಲೇಜಿನಲ್ಲಿ. ಮೊದಲ ಯೂನಿಟ್ ಟೆಸ್ಟಿನಲ್ಲಿ ಕೆಮಿಸ್ಟ್ರಿ ಫೇಲ್ ಆದಳು. ನನ್ನ ಸಬ್ಜೆಕ್ಟು! ಉತ್ತರಪತ್ರಿಕೆ ಬಿಡಿಸಿ ನೋಡಿದರೆ, ನೀರು ಕುದಿಯುವಾಗ ಯಾವ ಬಂಧ ಮುರಿಯುತ್ತದೆ ಎಂಬ ಪ್ರಶ್ನೆಗೆ, "ಹೈಡ್ರೋಜನ್ ಮತ್ತು ಆಕ್ಸಿಜನ್ ನಡುವಿನ ಬಂಧ ಮುರಿದು ನೀರು ಹಬೆಯಾಗುತ್ತದೆ" ಎಂದು ಬರೆದಿದ್ದಳು.

ಇದು ಮಕ್ಕಳು ಪ್ರತಿವರ್ಷ ಮಾಡುವ ತಪ್ಪು. ಅಣುವಿನೊಳಗೆ ಪರಮಾಣುಗಳನ್ನು ಹಿಡಿದಿಡುವ ಬಂಧ ಒಂದು. ಒಂದು ಅಣುವನ್ನು ಪಕ್ಕದ ಅಣುವಿಗೆ ಹಿಡಿದಿಡುವ ಸೆಳೆತ ಇನ್ನೊಂದು. ನೀರು ಕುದಿದಾಗ ಬಿಡುವುದು ಎರಡನೆಯದು ಮಾತ್ರ. ಮೊದಲನೆಯದಕ್ಕೆ ಏನೂ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಒಂದಕ್ಕೆ ಇಂಟ್ರಾ, ಒಂದಕ್ಕೆ ಇಂಟರ್ ಎನ್ನುತ್ತಾರೆ. ಕೇಳುವ ಕಿವಿಗೆ ಎರಡೂ ಒಂದೇ. ಅದು ಗೊತ್ತಿದ್ದೂ ನಾನು ಅವತ್ತು ತಾಯಿಯಾಗಿ ಕೂಗಾಡಿದೆ. ಬೇರೆಯವರ ಮಕ್ಕಳ ಮೇಲೆ ಹಾಗೆ ಎಂದೂ ಕೂಗಾಡಿದವಳಲ್ಲ. ಅವಳು ಪುಸ್ತಕ ಎತ್ತಿಕೊಂಡು ಮೆಟ್ಟಿಲು ಇಳಿದು ಹೋದಳು.

ಒಂದು ಗಂಟೆ ಬಿಟ್ಟು ನಗುತ್ತ ಬಂದಳು. ನನ್ನ ಹತ್ತಿರ ಏನೂ ಹೇಳಲಿಲ್ಲ. ಅಪ್ಪನ ಮುಂದೆ ಕೂತು ಎಲ್ಲ ಒಪ್ಪಿಸಿದಳು. ನಾನು ಅಡುಗೆಮನೆಯಲ್ಲಿ ಒಗ್ಗರಣೆಯ ಉರಿ ಸಣ್ಣ ಮಾಡಿ ಕೇಳಿಸಿಕೊಂಡೆ.

ಅವಳನ್ನು ಯವ್ವ ಎಂದೇ ಕರೆಯುತ್ತಿದ್ದ ಕಾಕಾ ಕೇಳಿದರಂತೆ: "ಯವ್ವಾ, ಕುದ್ದಾಗ ನೀರು ಒಡದು ಹೈಡ್ರೋಜನ್ ಆಗಿದ್ರ, ಗ್ಯಾಸ್ ಒಲಿ ಮ್ಯಾಲ ಚಾ ಇಟ್ಟ ಮನಿ ಒಂದಾರ ಉಳೀತಿತ್ತೇನು?" ಆಮೇಲೆ ಕಾಕೂ ಅನ್ನಕ್ಕಿಟ್ಟ ಪಾತ್ರೆಯ ಮುಚ್ಚಳ ತೆಗೆಸಿ, ಅದರಿಂದ ತೊಟ್ಟಿಕ್ಕಿದ್ದನ್ನು ಇವಳ ಅಂಗೈಗೆ ಬಿಡಿಸಿದರಂತೆ. "ಇದೇನು?" "ನೀರು." "ಒಡದಿದ್ರ ಯಾವಾಗ ಕೂಡ್ತು?" ಅವರು ಮೂವತ್ತೆರಡು ವರ್ಷ ಟೊಲ್ವೀನ್ ಕುದಿಸಿದ್ದರಂತೆ, ಪ್ರತಿ ಸಲವೂ ಅದು ಟೊಲ್ವೀನ್ ಆಗಿಯೇ ಕೆಳಗಿಳಿದು ಬಂತಂತೆ. ಒಡೆಯುವ ಕೆಲಸ ಆ ಕಡೆಯ ರಿಯಾಕ್ಟರಿನದು, ಅಲ್ಲಿ ಹೋದದ್ದೇ ಒಂದು ಬಂದದ್ದೇ ಒಂದು, ವಾಸನೆಯೇ ಬೇರೆ.

"ಅಣುವಿನೊಳಗೆ ಇರೋದು ಗಂಟು, ಪಪ್ಪಾ. ಅಣುವಿಗೂ ಅಣುವಿಗೂ ನಡುವೆ ಇರೋದು ಅಂಟು. ಕುದಿಸಿದರೆ ಅಂಟು ಬಿಡುತ್ತೆ, ಗಂಟು ಹಾಗೇ ಇರುತ್ತೆ," ಎಂದು ಮಗಳು ಹಿಂದಿಯಲ್ಲೇ ಹೇಳಿದಳು. ಗಂಟು ಮತ್ತು ಅಂಟು ಎಂಬ ಎರಡು ಪದ ಮಾತ್ರ ಕನ್ನಡ. "ಒಳಗಿನ ಗಂಟು, ಹೊರಗಿನ ಅಂಟು. ಬಸ್!"

ನನ್ನ ಕೈಯಲ್ಲಿ ಸೌಟು ನಿಂತಿತು. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಸಲೀಸಾದ ಒಂದು ಮಾತು ನನಗೆ ಹೊಳೆದಿರಲಿಲ್ಲ. ಒಳ್ಳೆಯ ಮಾತು ಕೇಳಿದಾಗ ಆಗುವ ಸಂತೋಷ ಆಗಲೇ ಇಲ್ಲ. ಯಾರೋ ನನ್ನ ಮನೆಗೆ ಬಂದು ನನ್ನದೇ ಒಲೆಯ ಮೇಲೆ ನನಗಿಂತ ರುಚಿಯಾಗಿ ಅಡುಗೆ ಮಾಡಿ ಹೋದಂತಾಯಿತು.

ಆಮೇಲೆ ಅವಳು ದಿನಾ ಸಂಜೆ ಕೆಳಗೆ ಹೋಗತೊಡಗಿದಳು. ಮಾರ್ಕು ಏರಿತು. ನಾನೇ ಕಲಿಸುತ್ತೇನೆ ಕೂತುಕೋ ಎಂದರೆ "ಕಾಕಾ ಕೇ ಪಾಸ್ ಹೋ ಗಯಾ" ಎನ್ನುತ್ತಿದ್ದಳು, ಕಾಕಾನ ಹತ್ತಿರ ಆಗಿಹೋಯಿತು ಎಂದು.

ಒಂದು ದಿನ ನಾನು ಪೇಪರ್ ತಿದ್ದುತ್ತ ಕೂತಿದ್ದೆ. ಅವಳಾಗಿಯೇ ಬಂದು, ಕ್ಲೋರಿನ್ ಗಾಳಿಯಂತೆ ಹಾರುತ್ತದೆ, ಅದೇ ಬಳಗದ ಅಯೋಡಿನ್ ಯಾಕೆ ಗಟ್ಟಿ ಹರಳು ಎಂದು ಕೇಳಿದಳು. ಅವಳು ನನ್ನ ಹತ್ತಿರ ಬಂದಳಲ್ಲ ಎಂಬ ಖುಷಿಯಲ್ಲೋ, ಇನ್ನೂ ಮೂವತ್ತು ಪೇಪರ್ ಉಳಿದಿದ್ದ ಅವಸರದಲ್ಲೋ, ತಲೆ ಎತ್ತದೆ "ಅಯೋಡಿನ್ನಿನ ಬಂಧ ಗಟ್ಟಿ, ಅದಕ್ಕೆ" ಎಂದುಬಿಟ್ಟೆ. ಅವಳು ಬರೆದುಕೊಂಡಳು.

ಮರುದಿನ ಸಂಜೆ ಕೆಳಗಿನಿಂದ ಬಂದವಳು ಬಾಗಿಲಲ್ಲೇ ಕೇಳಿದಳು: "ಮಮ್ಮಿ, ಕಾಕಾ ಪೂಛ್ ರಹೇ ಹೈ, ಮಜಬೂತ್ ಕ್ಯಾ ಹೈ, ಗಂಟು ಯಾ ಅಂಟು?"

ಕೇಳಿದ ಕ್ಷಣಕ್ಕೇ ನನ್ನ ತಪ್ಪು ಗೊತ್ತಾಯಿತು. ಅಯೋಡಿನ್ನಿನ ಒಳಗಿನ ಬಂಧ ಕ್ಲೋರಿನ್ನಿನದಕ್ಕಿಂತ ದುರ್ಬಲ. ಅಣು ದೊಡ್ಡದು, ಅದರ ಸುತ್ತಲಿನ ಎಲೆಕ್ಟ್ರಾನುಗಳ ಮೋಡ ದೊಡ್ಡದು, ಆದ್ದರಿಂದ ಅಣು ಅಣುಗಳ ನಡುವಿನ ಸೆಳೆತ ಹೆಚ್ಚು. ಹರಳಾಗಿಸುವುದು ಅದೇ. ಪ್ರತಿವರ್ಷ ನಾನೇ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆಯುವ ಮಾತು. ಹತ್ತನೇ ಕ್ಲಾಸಿನ ಆಚೆ ಓದದ ಒಬ್ಬ ಮನುಷ್ಯ, ಒಂದೇ ಪ್ರಶ್ನೆಯಲ್ಲಿ, ಅದೂ ನನ್ನ ಮಗಳ ಬಾಯಿಂದ, ನನ್ನನ್ನು ತಿದ್ದಿದ್ದರು.

ತಪ್ಪಾಯಿತು ಎಂದು ಹೇಳಿ ಮುಗಿಸಬಹುದಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋದೆ. ಕಾಕೂ ಶೇಂಗಾ ಹಸನು ಮಾಡುತ್ತಿದ್ದರು. ಕಾಕಾ ಎಂದಿನಂತೆ ಎದ್ದು ನಿಂತರು.

"ಕಾಕಾ, ನೀವು ಎಷ್ಟನೇ ಕ್ಲಾಸಿನ ತನಕ ಓದಿದ್ದೀರಿ?"

"ಹತ್ತರಿ. ಗಣಿತದಾಗ ನಪಾಸ್."

"ಬೋರ್ಡ್ ಪರೀಕ್ಷೆಯಲ್ಲಿ ಗಂಟು ಅಂಟು ಅಂತ ಬರೆದರೆ ಸೊನ್ನೆ ಕೊಡುತ್ತಾರೆ. ಹುಡುಗಿಯ ವರ್ಷ ಹಾಳಾಗುತ್ತದೆ. ದಯವಿಟ್ಟು ಇನ್ನು ಮೇಲೆ ಅವಳಿಗೆ ಪಾಠ ಹೇಳಬೇಡಿ."

"ಖರೆ ಐತ್ರಿ ಬಾಯಾರ," ಎಂದರು ಕಾಕಾ. "ನಂದು ತಪ್ಪಾತು." ಕಾಕೂ ತಲೆ ಎತ್ತಲಿಲ್ಲ. ಮೊರದ ಮೇಲೆ ಆಡುತ್ತಿದ್ದ ಅವರ ಬೆರಳು ಮಾತ್ರ ನಿಂತಿತ್ತು.

ಮಗಳು ಕೆಳಗೆ ಹೋಗುವುದನ್ನು ನಿಲ್ಲಿಸಿದಳು. ನನ್ನ ಹತ್ತಿರವೂ ಬರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ಓದುತ್ತಿದ್ದಳು. ನಾನು ಗೆದ್ದೆ ಅಂದುಕೊಂಡೆ.

ಮುಂದೆ ನಾನು ಮಾಡಿದ್ದನ್ನು ಹೇಳಲು ಇವತ್ತಿಗೂ ಮುಖ ಬಿಸಿಯಾಗುತ್ತದೆ. ಅದಾಗಿ ಮೂರು ವಾರಕ್ಕೆ ನಮ್ಮ ಕಾಲೇಜಿನಲ್ಲಿ ಸುತ್ತಲಿನ ಕಾಲೇಜುಗಳ ಕೆಮಿಸ್ಟ್ರಿ ಶಿಕ್ಷಕರೆಲ್ಲ ಸೇರಿದ್ದರು. ಒಂದು ಮಾದರಿ ಪಾಠ ಮಾಡಲು ಪ್ರಿನ್ಸಿಪಾಲರು ನನಗೆ ಹೇಳಿದರು. ವಿಷಯ ನಾನೇ ಆರಿಸಿದೆ. ಅದೇ ವಿಷಯ. ಮುಚ್ಚಳದ ನೀರು, ಚಹಾ ಇಟ್ಟ ಮನೆ, ಎಲ್ಲ ಹೇಳಿದೆ. ಕೊನೆಗೆ ಗಂಟು ಅಂಟಿನ ಮಾತನ್ನೇ ಮರಾಠಿ ಮಾಡಿ, "ಆತಲೀ ಗಾಠ, ಬಾಹೇರಚಾ ಚಿಕಟಪಣಾ" ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಚಪ್ಪಾಳೆ ಬಿತ್ತು. ಥಾಣೆಯಿಂದ ಬಂದಿದ್ದ ಹಿರಿಯ ಶಿಕ್ಷಕಿಯೊಬ್ಬರು ಇದು ಎಲ್ಲಿ ಸಿಕ್ಕಿತು ನಿಮಗೆ ಎಂದು ಕೇಳಿದರು. "ಸುಮ್ಮನೆ ಹೊಳೆಯಿತು" ಎಂದೆ.

ಯಾರೋ ವಿಡಿಯೋ ಮಾಡಿದ್ದರು. ಅದು ಶಿಕ್ಷಕರ ಗ್ರೂಪಿನಲ್ಲಿ ಓಡಾಡಿ ಮಗಳ ಕಾಲೇಜಿನ ಮೇಡಮ್ಮಿನ ಫೋನಿಗೂ ಹೋಗಿದೆ. ಅವರು ಖುಷಿಯಿಂದ ಇಡೀ ಕ್ಲಾಸಿಗೆ ತೋರಿಸಿ, "ನೋಡಿ, ನಿಮ್ಮ ಗೆಳತಿಯ ಅಮ್ಮ" ಎಂದು ಮಗಳನ್ನು ಎಬ್ಬಿಸಿ ನಿಲ್ಲಿಸಿದ್ದಾರೆ.

ನಾನು ಮನೆಗೆ ಬಂದಾಗ ಅವಳು ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಕೂತಿದ್ದಳು. ಫೋನಿನಲ್ಲಿ ನನ್ನದೇ ದನಿ. "ಸುಮ್ಮನೆ ಹೊಳೆಯಿತು" ಎಂಬಲ್ಲಿಗೆ ನಿಲ್ಲಿಸಿ ಕೇಳಿದಳು: "ಯೇ ಕಿಸ್ಕಾ ಹೈ, ಮಮ್ಮಿ?" ಇದು ಯಾರದು ಎಂದು. ಅಷ್ಟೇ. ನಾನು ಬಾಯಿ ತೆರೆಯುವಷ್ಟರಲ್ಲಿ ಎದ್ದು ಹೋದಳು.

ಆ ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ಬೆಲ್ ಒತ್ತಿದೆ. ಕೂರದೆ, ನಿಂತೇ ಹೇಳಿದೆ. ನಿಮ್ಮ ಮಾತನ್ನು ನನ್ನದು ಅಂತ ನಾಲ್ಕು ಜನರ ಮುಂದೆ ಹೇಳಿಕೊಂಡೆ, ಕದ್ದೆ.

ಕಾಕಾ ಒಮ್ಮೆ ಕಾಕೂನ ಮುಖ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು. "ಕಳವಾದ ಮ್ಯಾಲೂ ನನ್ನ ಹತ್ರ ಐತಲ್ರೀ ಬಾಯಾರ. ಇಂಥಾ ಕಳವಿಗೆ ಯಾವ ಪೊಲೀಸ ಕೇಸ್ ತಗೋತಾನ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವರೂ ನಿಲ್ಲಿಸಿದರು. "ಆದ್ರ ಒಂದು ಮಾತ್ರಿ. ಗಂಟು ನಂದು. ಅಂಟು ನಿಮ್ಮ ಮಗಳದು. ಆಕಿಗೆ ಹೇಳ್ರಿ."

"ಅವಳದು ಹೇಗೆ? ಕಲಿಸಿದ್ದು ನೀವಲ್ಲವೇ?"

"ನಾ ಎಲ್ಲಿ ಕಲಿಸೀನ್ರೀ? ಆಕಿ ನನಗ ಕಲಿಸ್ಯಾಳ."

ಒಳಗೆ ಹೋಗಿ ಒಂದು ಉದ್ದನೆಯ ನೋಟುಬುಕ್ ತಂದರು. ಕಂಪನಿಯಲ್ಲಿ ಪಾಳಿಯ ವರದಿ ಬರೆಯುವ ಮಾದರಿಯಲ್ಲೇ ಗೆರೆ ಎಳೆದಿದ್ದರು: ತಾರೀಖು, ವೇಳೆ, ಪ್ರಶ್ನೆ, ಉತ್ತರ. ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರ. ಮಗಳು ಇಂಗ್ಲಿಷ್ ಪುಸ್ತಕ ಓದಿ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಬೇಕು, ಇವರು ಕೇಳಬೇಕು, ತಿಳಿಯದಿದ್ದರೆ ಮತ್ತೆ ಕೇಳಬೇಕು. ಹೀಗೆ ಕೇಳುತ್ತ ಕೇಳುತ್ತ ಅವಳಿಗೆ ತಿಳಿದುಬಿಡುತ್ತಿತ್ತು. ನಾನು ಅಂದುಕೊಂಡಂತೆ ಅಲ್ಲಿ ಯಾರೂ ನನ್ನ ಜಾಗದಲ್ಲಿ ಕೂತು ಪಾಠ ಮಾಡಿರಲೇ ಇಲ್ಲ. ಮೂವತ್ತೆರಡು ವರ್ಷ ಒಂದು ಕೊಳವೆಯ ಬುಡದಲ್ಲಿ ನಿಂತ ಮನುಷ್ಯ, ಅದರೊಳಗೆ ಏನು ನಡೆಯುತ್ತಿತ್ತು ಎಂದು ಕೇಳಲು ಕೊನೆಗೂ ಒಬ್ಬರು ಸಿಕ್ಕರೆಂದು ಕೇಳುತ್ತಿದ್ದ.

ಹಾಳೆ ತಿರುವಿದೆ. ನೂರಕ್ಕೂ ಮೇಲೆ ಪ್ರಶ್ನೆಗಳು. ಒಂದೊಂದೂ ಎಂಥ ಪ್ರಶ್ನೆ! ನನ್ನ ಯಾವ ವಿದ್ಯಾರ್ಥಿಯೂ ಅಂಥದ್ದನ್ನು ಕೇಳಿರಲಿಲ್ಲ. ನಾನಂತೂ ಕೇಳಿಯೇ ಇರಲಿಲ್ಲ. ಅಲ್ಲಿ ನಿಂತಲ್ಲೇ ಮತ್ತೆ ಹೊಟ್ಟೆ ಉರಿಯಿತು, ಈ ಸಲ ಬೇರೆ ತರಹ. ಒಂದು ಪ್ರಶ್ನೆಯ ಮುಂದೆ ಉತ್ತರದ ಜಾಗ ಖಾಲಿಯಿತ್ತು: "ನೀರಿನ ಅಣು ಹಗುರ. ಹೆಕ್ಸೇನಿನ ಅಣು ಅದರ ನಾಲ್ಕೈದು ಪಟ್ಟು ಭಾರ. ಆದರೂ ಹೆಕ್ಸೇನ್ ಅರವತ್ತೊಂಬತ್ತಕ್ಕೆ ಕುದಿಯುತ್ತದೆ, ನೀರಿಗೆ ನೂರು ಬೇಕು. ಯಾಕೆ?" ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಬಾಯಾರಿಗೆ ಕೇಳಬೇಕು. ಧೈರ್ಯ ಆಗಲಿಲ್ಲ."

"ಶಿಫ್ಟ್ ಇಂಜಿನಿಯರಗ ಒಮ್ಮೆ ಕೇಳಿದ್ದೆ," ಎಂದರು ಕಾಕಾ. "ನೀ ಸ್ಟೀಮ್ ನೋಡ್ಕೋ ಅಂದಾ."

ನಾನು ಅವರ ಮನೆಯ ನೆಲದ ಮೇಲೆ ಕೂತೆ. ಅವರದೇ ನೋಟುಬುಕ್ಕಿನಲ್ಲಿ ಚಿತ್ರ ಬರೆದೆ. ನೀರಿನ ಅಣುವಿನಲ್ಲಿ ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಹಾಗಾಗಿ ಒಂದು ಬದಿ ಸ್ವಲ್ಪ ಋಣ, ಹೈಡ್ರೋಜನ್ನಿನ ಬದಿ ಸ್ವಲ್ಪ ಧನ. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿಗೆ ಅಂಟಿಕೊಳ್ಳುತ್ತದೆ. ಹೆಕ್ಸೇನಿಗೆ ಅಂಥ ಬದಿಗಳೇ ಇಲ್ಲ, ಬರೀ ಸಾಧಾರಣ ಸೆಳೆತ. ಅವರು ಚಿತ್ರದ ಮೇಲೆ ಬಾಗಿ ಬೆರಳಾಡಿಸಿದರು.

"ಅಂದ್ರ ಹೆಕ್ಸೇನ್ ಭಾರ ಖರೆ, ಅಂಟು ಕಮ್ಮಿ. ನೀರು ಹಗುರ, ಅಂಟು ಭಾಳ."

"ಹೌದು ಕಾಕಾ."

"ಗಂಟಿನ ಮಾತs ಅಲ್ಲಿದು."

"ಗಂಟಿನ ಮಾತೇ ಅಲ್ಲ."

ಅವರು ಗೋಡೆಗೆ ಒರಗಿ ಕೂತರು. ಕಾಕೂ ಚುರುಮುರಿ ಸೂಸಲಾ ತಂದಿಟ್ಟರೆ ಅದನ್ನು ಮೂಸಲೂ ಇಲ್ಲ.

ಮಗಳ ಹತ್ತಿರ ಕ್ಷಮೆ ಕೇಳುವುದು ಅಷ್ಟು ಸುಲಭವಾಗಲಿಲ್ಲ. ಶಿಕ್ಷಕರ ಗ್ರೂಪಿನಲ್ಲಿ, ಆ ಮಾತು ನಮ್ಮ ನೆರೆಯ ನಿವೃತ್ತ ಆಪರೇಟರ್ ಒಬ್ಬರದು ಮತ್ತು ನನ್ನ ಮಗಳದು ಎಂದು ಬರೆದೆ. ಕೆಲವರು ಕೈಮುಗಿದ ಚಿತ್ರ ಹಾಕಿದರು. ಥಾಣೆಯ ಹಿರಿಯ ಶಿಕ್ಷಕಿ ಏನೂ ಹಾಕಲಿಲ್ಲ. ಅದನ್ನು ಮಗಳಿಗೆ ತೋರಿಸಿ, "ಅಂಟು ನಿನ್ನದಂತೆ" ಎಂದೆ.

ಅವಳು ಪುಸ್ತಕದಿಂದ ಕಣ್ಣು ತೆಗೆಯದೆ ಹೇಳಿದಳು: "ಹೂಂ, ನಂದs. ಕಾಕೂ ಹಪ್ಪಳದ ಹಿಟ್ಟು ಕಲಸಾಕತ್ತಿದ್ರು. ಕೈಗೆ ಹತ್ತಿಕೊಂಡಿತ್ತು. ಇದಕ್ಕ ಏನಂತಾರ ಅಂತ ಕೇಳಿದೆ."

ಅವಳು ನನ್ನ ಹತ್ತಿರ ಆಡಿದ ಮೊದಲ ಕನ್ನಡ ಅದು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅಳುವಾಗಲೂ, ಅದು ನನ್ನ ಕನ್ನಡ ಅಲ್ಲವಲ್ಲ, ಅವರದಲ್ಲವೇ ಎಂಬ ಹುಳಿ ನಾಲಿಗೆಯ ಮೇಲಿತ್ತು.

ಅಲ್ಲಿಂದ ಭಾನುವಾರಗಳಲ್ಲಿ ಮೂವರೂ ಕೂರತೊಡಗಿದೆವು. ಎಲ್ಲ ಸರಿಹೋಯಿತೆಂದು ಹೇಳಲಾರೆ. ಎಣ್ಣೆ ನೀರಿಗೆ ಯಾಕೆ ಬೆರೆಯುವುದಿಲ್ಲ ಎಂದು ಒಂದು ಗಂಟೆ ನಾನು ವಿವರಿಸುತ್ತಿದ್ದೆ. ಕಾಕಾ ಗೌರವದಿಂದ ತಲೆಯಾಡಿಸುತ್ತಿದ್ದರು. ಆಮೇಲೆ ಮಗಳು ಎರಡು ನಿಮಿಷ ಏನೋ ಹೇಳುತ್ತಿದ್ದಳು. "ಬಾಯಾರ, ನೀವು ಹೇಳಿದ್ದು ಖರೆ," ಎನ್ನುತ್ತಿದ್ದರು ಅವರು. "ಆದ್ರ ಯವ್ವ ಹೇಳಿದ್ದು ತಿಳೀತು." ಈಗ ನನಗೆ ಮಗಳ ಮೇಲೂ ಹೊಟ್ಟೆಕಿಚ್ಚು! ಮನೆಗೆ ಬಂದು ಹೇಳಿಕೊಂಡರೆ ಗಂಡ ನಗುತ್ತ, "ಇನ್ನು ಉಳಿದವನು ನಾನೊಬ್ಬ" ಎನ್ನುತ್ತಿದ್ದರು.

ಹನ್ನೆರಡನೆಯದರಲ್ಲಿ ಮಗಳಿಗೆ ಕೆಮಿಸ್ಟ್ರಿಯಲ್ಲಿ ಒಳ್ಳೆಯ ಮಾರ್ಕು ಬಂತು. ಆದರೆ ಅವಳು ಕೆಮಿಸ್ಟ್ರಿ ತೆಗೆದುಕೊಳ್ಳಲಿಲ್ಲ. ನವಿ ಮುಂಬೈಯ ಕಾಲೇಜೊಂದರಲ್ಲಿ ಫಿಸಿಯೋಥೆರಪಿಗೆ ಸೇರಿದಳು. ನನಗೆ ಬೇಸರವಾಯಿತು. ಕಾಕಾಗೆ ಏನೂ ಆಗಲಿಲ್ಲ. "ಆಕಿಗೆ ಬೇಕಾದ್ದು ಆಕಿ ಓದ್ತಾಳ್ರಿ. ನಂದು ಕೇಳೂದು ಮುಗದಿತ್ತು," ಎಂದರು. ನನ್ನ ಹಾಗಲ್ಲ, ಅವಳಿಂದ ಅವರು ಏನನ್ನೂ ಬಯಸಿರಲಿಲ್ಲ ಎಂದು ಅವತ್ತು ತಿಳಿಯಿತು.

ಅವಳ ಎರಡನೇ ವರ್ಷದಲ್ಲಿ, ಒಂದು ಬೆಳಿಗ್ಗೆ, ಗೇಟಿನ ಹತ್ತಿರ ಕೂತಿದ್ದಲ್ಲೇ ಅವರು ಪಕ್ಕಕ್ಕೆ ವಾಲಿದರು. ಮೆದುಳಿನಲ್ಲಿ ರಕ್ತಸ್ರಾವ ಎಂದರು ಆಸ್ಪತ್ರೆಯಲ್ಲಿ. ಐದು ದಿನ ಇದ್ದರು. ಬಲಗಡೆಗೆ ಸ್ವಾಧೀನವಿರಲಿಲ್ಲ, ಮಾತೂ ಇರಲಿಲ್ಲ. ಮಗಳು ಕಾಲೇಜು ಬಿಟ್ಟು ಹಗಲೆಲ್ಲ ಅಲ್ಲೇ ಕೂತು, ಕಲಿತಷ್ಟನ್ನು ಕಲಿತಂತೆ, ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದಳು. ಆರನೇ ದಿನ ಬೆಳಿಗ್ಗೆ ಹೋದರು.

ಅವಳು ಅತ್ತ ಅಳು ನನಗೆ ಕಿವಿಯಲ್ಲೇ ಇದೆ. ಸ್ವಂತ ಅಜ್ಜ ತೀರಿಕೊಂಡಾಗ ಅವಳು ಹಾಗೆ ಅತ್ತಿರಲಿಲ್ಲ. ಕಾಕೂನ ಮಡಿಲಲ್ಲಿ ತಲೆಯಿಟ್ಟು ಅವಳು ಬಿಕ್ಕುವಾಗ, ನಾನು ಬಾಗಿಲ ಹತ್ತಿರ ನಿಂತು ಒಂದು ಮಾತು ಯೋಚಿಸಿದೆ. ನಾನು ಸತ್ತಾಗ ಇವಳು ಇಷ್ಟು ಅಳುತ್ತಾಳಾ? ಹೆಣ ಇನ್ನೂ ಮನೆಯಲ್ಲಿತ್ತು. ಅಂಥ ಹೊತ್ತಿನಲ್ಲೂ ನನಗೆ ಬಂದ ಯೋಚನೆ ಅದು. ಮುಚ್ಚಿಡುವುದರಿಂದ ಏನೂ ಆಗುವುದಿಲ್ಲ, ಅದಕ್ಕೆ ಬರೆದಿದ್ದೇನೆ.

ದಿನಕರ್ಮ ಮುಗಿದ ಮೇಲೆ ಕಾಕೂ ಊರಿಗೆ ಹೊರಟರು. ಅವರ ಅಣ್ಣನ ಮಗ ಕರೆದೊಯ್ಯಲು ಬಂದಿದ್ದ. ನಾನೂ ಮಗಳೂ ಕಲ್ಯಾಣ ಸ್ಟೇಷನ್ನಿಗೆ ಹೋಗಿದ್ದೆವು. ಸೋಲಾಪುರದ ಕಡೆಯ ಗಾಡಿ ಬರಲು ಇನ್ನೂ ಹೊತ್ತಿತ್ತು. ಮಗಳೂ ಆತನೂ ನೀರಿನ ಬಾಟಲಿ ತರಲು ಹೋದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನಾವಿಬ್ಬರೇ. ಕಾಕೂ ಸೆರಗು ಸರಿಮಾಡಿಕೊಂಡು ನನ್ನ ಕೈ ಹಿಡಿದರು.

"ಬಾಯಾರ, ಒಂದ ಮಾತ ಹೇಳ್ಲೇನ್ರಿ? ಹೇಳಬ್ಯಾಡ ಅಂದಿದ್ರು."

"ಹೇಳಿ ಕಾಕೂ."

"ನೀವು ಬೈದ ಮ್ಯಾಲ ಯವ್ವ ಬರೂದು ಬಿಟ್ಟಿದ್ಲಲ್ಲ, ಆವಾಗ ಒಂದಿನ ಇವರು ನಿಮ್ಮ ಕಾಲೇಜಿಗೆ ಬಂದಿದ್ರು."

"ನನ್ನ ಕಾಲೇಜಿಗೆ? ಯಾಕೆ?"

"ನಿಮಗ ಏನೋ ಕೇಳಬೇಕಂತ ಬಂದ್ರು. ನೀವು ಕ್ಲಾಸಿನ್ಯಾಗ ಇದ್ರಿ. ಮುಚ್ಚಿದ ಕಿಡಕಿ ಹೊರಗ ನಿಂತು, ಸಂದ್ಯಾಗಿಂದ ನೋಡಿ ಕೇಳಿದ್ರಂತ. ಪೂರಾ ಪಾಠ. ಆಮ್ಯಾಲ ಪ್ಯೂನ್ ಬಂದು ಯಾರು ನೀ, ನಡಿ ಅಂದು ಕಳಿಸಿದಾ."

ಅವತ್ತು ನಾನು ಯಾವ ಪಾಠ ಮಾಡಿದ್ದೆನೋ. ಗಂಟಲು ಕೆಟ್ಟಿತ್ತೋ, ಮಕ್ಕಳ ಮೇಲೆ ರೇಗಿದ್ದೆನೋ, ಒಂದೂ ನೆನಪಿಲ್ಲ.

"ಮನಿಗೆ ಬಂದು ಉಣ್ಣಲೇ ಇಲ್ರಿ," ಎಂದರು ಕಾಕೂ. "ಏನಾತ್ರಿ ಅಂದೆ. ಬಾಯಾರು ಭಾಳ ಚಲೋ ಕಲಸ್ತಾರ, ಅಷ್ಟು ಹುಡುಗ್ರು ಕುಂತಾರ, ಒಬ್ರ ಬಾಯಿ ಪಿಟ್ಟನ್ನಲಿಲ್ಲ ಅಂದ್ರು. ಮತ್ತ ಉಣ್ಣಾಕೇನು ಅಂದೆ. ನನಗ ಬಾಯಾರ ಮ್ಯಾಲ ಹೊಟ್ಟಿ ಉರದ ಹೋಗೇತಿ, ಹಸಿವಿ ಎಲ್ಲಿಂದ ಬರತೈತಿ ಅಂದ್ರು. ಖರೇನs ಅಂದ್ರ ನೋಡ್ರಿ, ನಗಲಿಲ್ಲ."

ಗಾಡಿ ಬಂತು. ಮಗಳು ಕಾಕೂನ ಚೀಲ ಒಳಗಿಟ್ಟು, ಕಿಟಕಿಯಿಂದ ಕೈ ಹಿಡಿದುಕೊಂಡು ನಾಲ್ಕು ಹೆಜ್ಜೆ ಜೊತೆಗೆ ನಡೆದಳು. ಗಾಡಿ ಹೋದ ಮೇಲೆ ಅವಳು ಡೊಂಬಿವಲಿಯ ಲೋಕಲ್ ಹತ್ತಿದಳು. ನನಗೆ ಹನ್ನೊಂದಕ್ಕೆ ಕ್ಲಾಸಿತ್ತು. ಸ್ಟೇಷನ್ನಿನಿಂದ ಕಾಲೇಜಿಗೆ ನಡೆದುಕೊಂಡೇ ಹೋದೆ.

ನಮ್ಮ ಆ ಕ್ಲಾಸಿಗೆ ವರಾಂಡದ ಕಡೆ ಎರಡು ಕಿಟಕಿಗಳಿವೆ. ಹೊರಗಿನ ಗದ್ದಲ ಕೇಳಿಸುತ್ತದೆಂದು ಪಾಠ ಶುರುವಾಗುವ ಮೊದಲು ಪ್ಯೂನ್ ಬಂದು ಅವನ್ನು ಮುಚ್ಚಿ ಹೋಗುವುದು ರೂಢಿ. ಅವತ್ತೂ ಬಂದ. ಬೇಡ, ಬಿಡಿ ಎಂದೆ. ಈಗಲೂ ಪ್ರತಿ ಸಲ ಬರುತ್ತಾನೆ, ಪ್ರತಿ ಸಲ ಹಾಗೇ ಹೇಳುತ್ತೇನೆ. ಗದ್ದಲ ಒಳಗೆ ಬರುತ್ತದೆ ನಿಜ. ಹಿಂದಿನ ಬೆಂಚಿನವರಿಗೂ ಕೇಳಿಸಲಿ ಎಂದು ನಾನು ಸ್ವಲ್ಪ ದನಿ ಏರಿಸಿ ಪಾಠ ಮಾಡುತ್ತೇನೆ.